ಕಾರ್ಬ್ ಬಿಚ್ಚುವ ಮೊದಲು ಬ್ಯಾಟರಿ ನೋಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿದು ಅಡಿಕೆ ಕೊಯ್ಲು ಬಿರುಸಾಗುವ ಮೊದಲಿನ ಬಿಡುವಿನಲ್ಲಿ ಮಲೆನಾಡಿನ ಅಂಗಳಗಳಲ್ಲಿ ಹಳೆಯ ಬೈಕುಗಳ ರಿಪೇರಿ ಶುರುವಾಗುತ್ತದೆ. ಈಚೆಗೆ ಅದಕ್ಕೆ ಹೊಸದೊಂದು ಕೆಲಸ ಸೇರಿಕೊಂಡಿದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ (ಕಾರ್ಬ್) ಕಿತ್ತು ಫ್ಯುಯೆಲ್ ಇಂಜೆಕ್ಷನ್ ಕೂರಿಸುವುದು. ಗಾಳಿ ಬಿಡುವ ಥ್ರಾಟಲ್ ಬಾಡಿ, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ಅದನ್ನು ನಡೆಸುವ ಸಣ್ಣ ಕಂಪ್ಯೂಟರ್ ಇಸಿಯು, ಪಂಪು ಎಲ್ಲ ಇರುವ ಕಿಟ್ ಪಾರ್ಸೆಲಿನಲ್ಲಿ ಮನೆಗೇ ಬರುತ್ತದೆ. ಅದನ್ನು ಕೊಂಡವರು ಮೊದಲು ಕೈಯಿಡುವುದು ಇಸಿಯುಗೆ, ಲ್ಯಾಪ್‌ಟಾಪಿಗೆ. ತಪ್ಪುವುದೇ ಅಲ್ಲಿ. ಹಳೆಯ ಬೈಕಿನಲ್ಲಿ ಇಂಜೆಕ್ಷನ್ ಕೈಕೊಡುವುದು ಬಹುಪಾಲು ಮೂರು ಕಡೆ: ಕರೆಂಟು ಸಾಲದೆ, ಪೆಟ್ರೋಲಿನ ಹಾದಿ ಸರಿಯಿಲ್ಲದೆ, ಅರ್ಥ್ ಕೆಟ್ಟು. ಈ ಮೂರೂ ಗಟ್ಟಿಯಾದ ಮೇಲೆಯೇ ಇಸಿಯು ಮುಟ್ಟಬೇಕು. ಅದನ್ನು ವಿವರವಾಗಿ ತಿಳಿಸಲು ಈ ಪತ್ರ. ಸ್ವಲ್ಪ ಉದ್ದವಾದರೂ ದಯವಿಟ್ಟು ಜಾಗ ಕೊಡಿ.

ಜನ ಈ ಕೆಲಸಕ್ಕೆ ಇಳಿಯುವುದಕ್ಕೆ ಕಾರಣವಿದೆ. ಬಂಕಿನಲ್ಲಿ ಈಗ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್. ಬರೀ ಪೆಟ್ರೋಲ್ ಪೂರ್ತಿ ಉರಿಯಲು 1 ಗ್ರಾಮಿಗೆ ಸುಮಾರು 14.7 ಗ್ರಾಂ ಗಾಳಿ ಬೇಕಾದರೆ, ಇ20ಗೆ ಸುಮಾರು 13.5 ಗ್ರಾಂ ಸಾಕು. ಕಾರ್ಬಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಹಳೆಯ ಜೆಟ್ ಇದ್ದಷ್ಟೇ ಪೆಟ್ರೋಲ್ ಬಿಡುವುದರಿಂದ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿಗೆ ಪೆಟ್ರೋಲ್ ಸಾಲದು. ಚಳಿಗೆ ಸ್ಟಾರ್ಟ್ ತೊಂದರೆ, ಏರಿನಲ್ಲಿ ಹೆಡ್ ಕಾಯುವುದು, ರೇಸ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಶಬ್ದ ಎಲ್ಲ ಇದರಿಂದ ಬರಬಹುದು. ಇದರ ಮೇಲೆ ನಮ್ಮ ಘಾಟಿಗಳು. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 101 ಕಿಲೋಪ್ಯಾಸ್ಕಲ್ ಇದ್ದರೆ ಶಿವಮೊಗ್ಗದಲ್ಲಿ ಸುಮಾರು 95, ಕೊಡಚಾದ್ರಿ ತುದಿಯಲ್ಲಿ 86, ಮುಳ್ಳಯ್ಯನಗಿರಿಯಲ್ಲಿ 80. ಕಾರ್ಬಿಗೆ ಈ ಲೆಕ್ಕ ಗೊತ್ತಿಲ್ಲ. ಕರಾವಳಿಯಲ್ಲಿ ಸರಿಯಾಗಿ ಟ್ಯೂನ್ ಮಾಡಿದ ಕಾರ್ಬ್ ಮುಳ್ಳಯ್ಯನಗಿರಿಯಲ್ಲಿ ಸುಮಾರು ಶೇ 10ರಷ್ಟು ರಿಚ್ ಆಗಿರುತ್ತದೆ, ಅಂದರೆ ಪೆಟ್ರೋಲ್ ಅಷ್ಟು ಹೆಚ್ಚು. ಇಂಜೆಕ್ಷನ್ ಎರಡನ್ನೂ ಸರಿದೂಗಿಸಬಲ್ಲದು. ಅದು ನಿಜ.

ಆದರೆ ಎಷ್ಟೋ ಬೈಕುಗಳಿಗೆ ಇಂಜೆಕ್ಷನ್ ಬೇಕಾಗಿಯೇ ಇಲ್ಲ. ಕಾರ್ಬಿಗೂ ಹೆಡ್ಡಿಗೂ ನಡುವಿನ ರಬ್ಬರ್ ಬಿರುಕು ಬಿಟ್ಟಿದೆಯೇ, ಟ್ಯಾಪೆಟ್ ಗ್ಯಾಪ್ ಸರಿಯಿದೆಯೇ, ಏರ್ ಫಿಲ್ಟರ್ ನೆನೆದು ಮುದ್ದೆಯಾಗಿದೆಯೇ, ಸ್ಲೋ ಜೆಟ್ ಕಟ್ಟಿದೆಯೇ ಎಂದು ಮೊದಲು ನೋಡಿ. ಸ್ಲೋನಲ್ಲಿ ಓಡುತ್ತಿರುವ ಇಂಜಿನ್ನಿನ ಆ ರಬ್ಬರಿನ ಸುತ್ತ ಸೋಪಿನ ನೀರು ಚಿಮುಕಿಸಿ. ಆರ್‌ಪಿಎಂ ಬದಲಾದರೆ ಅಲ್ಲಿ ಗಾಳಿ ಸೇರುತ್ತಿದೆ ಎಂದರ್ಥ. ಇ20ಗೆ ಹೊಂದಿಸಲು ಮೇನ್ ಜೆಟ್ ಒಂದೆರಡು ಮೆಟ್ಟಿಲು ದೊಡ್ಡದು ಹಾಕಿ, ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು ಸರಿಸಿ, ಫ್ಲೋಟ್ ನೀಡಲ್, ಓ-ರಿಂಗು, ಪೆಟ್ರೋಲ್ ಪೈಪು ಹೊಸದು ಹಾಕಿದರೆ ತುಂಬ ಬೈಕುಗಳು ಸರಿಹೋಗುತ್ತವೆ. ರಿಂಗ್ ಸವೆದು ಹೊಗೆ ಬಿಡುವ ಇಂಜಿನ್ನಿಗೆ ಇಂಜೆಕ್ಷನ್ ಔಷಧಿಯಲ್ಲ. ಯಮಹಾ ಆರ್‌ಎಕ್ಸ್ 100ನಂಥ ಟೂ ಸ್ಟ್ರೋಕ್ ಬೈಕಿಗೆ ಈ ಸಾಹಸ ಬೇಡವೇ ಬೇಡ. ಅದರಲ್ಲಿ ಸಿಲಿಂಡರಿಗೆ ಬಂದ ಹಸಿ ಪೆಟ್ರೋಲಿನ ಒಂದು ಪಾಲು ಎಕ್ಸಾಸ್ಟ್ ಪೋರ್ಟಿನಿಂದ ಹಾಗೇ ಹೊರಬೀಳುತ್ತದೆ. ಕಾರ್ಬಿನ ಜಾಗದಲ್ಲಿ ಇಂಜೆಕ್ಟರ್ ಇಟ್ಟರೂ ಅದು ತಪ್ಪುವುದಿಲ್ಲ.

ಇನ್ನೊಂದು ಸುಲಭದ ದಾರಿಯೂ ಇದೆ. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಹಳೆಯ ಹಲವು ಮಾಡೆಲುಗಳೇ ಇಂಜೆಕ್ಷನ್ ಹಾಕಿಕೊಂಡು ಬಂದಿವೆ. ನಿಮ್ಮ ಬೈಕಿನದೇ ಬಿಎಸ್6 ಮಾಡೆಲ್ ಇದ್ದರೆ ಅದರ ಸಾಮಾನುಗಳನ್ನೇ ಕೂಡಿಸುವುದು ಕಿಟ್‌ಗಿಂತ ಒಳ್ಳೆಯದು. ಆದರೆ ಅರ್ಧಂಬರ್ಧ ತರಬೇಡಿ. ಥ್ರಾಟಲ್ ಬಾಡಿ, ಇಸಿಯು, ವೈರಿಂಗ್, ಟ್ಯಾಂಕು, ಪಂಪು, ಮ್ಯಾಗ್ನೆಟ್, ಕಾಯಿಲ್ ಪ್ಲೇಟು, ಬೆಂಡ್ ಪೈಪು ಎಲ್ಲ ಒಂದೇ ಸೆಟ್ಟಿನದಾಗಿರಬೇಕು. ಮ್ಯಾಗ್ನೆಟ್ ಏಕೆಂದರೆ ಹಳೆಯದರ ಹೊರಮೈಯಲ್ಲಿ, ಅದು ತಿರುಗುವುದನ್ನು ಗುರುತಿಸುವ ಪಲ್ಸರ್ ಕಾಯಿಲ್‌ಗೆ ಕಾಣುವ ಉಬ್ಬು ಒಂದೇ ಇರುತ್ತದೆ. ಇಂಜೆಕ್ಷನ್ ಬೈಕಿನದರಲ್ಲಿ ಸಾಲಾಗಿ ಹಲವು ಇರುತ್ತವೆ. ಕ್ರ್ಯಾಂಕ್ ಈಗ ಎಲ್ಲಿದೆ ಎಂದು ಇಸಿಯು ಲೆಕ್ಕ ಹಾಕುವುದು ಅವುಗಳಿಂದಲೇ.

ಈಗ ಕರೆಂಟಿಗೆ ಬರೋಣ. ಪಂಪು 2 ಆಂಪಿಯರ್, ಇಗ್ನಿಷನ್ ಒಂದು, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿನ ಹೀಟರ್ ಹತ್ತಿರ ಹತ್ತಿರ ಒಂದು, ಇಂಜೆಕ್ಟರ್ ಮತ್ತು ಇಸಿಯು ಸೇರಿ ಮುಕ್ಕಾಲು ಎಂದು ಹಿಡಿದರೆ 4ರಿಂದ 5 ಆಂಪಿಯರ್, ಅಂದರೆ 55-65 ವ್ಯಾಟ್ ಹೊಸ ಹೊರೆ. ಇದು ಹೆಡ್‌ಲೈಟು, ಬ್ರೇಕ್‌ಲೈಟು ಬಿಟ್ಟು. ಹಳೆಯ 100 ಸಿ.ಸಿ. ಬೈಕುಗಳಲ್ಲಿ ಹೆಡ್‌ಲೈಟ್ ಮ್ಯಾಗ್ನೆಟ್ ಕಾಯಿಲಿನಿಂದ ನೇರವಾಗಿ ಎಸಿಯಲ್ಲಿ ಉರಿಯುತ್ತದೆ. ರೇಸ್ ಕೊಟ್ಟರೆ ಬೆಳಕು ಏರಿ, ಸ್ಲೋನಲ್ಲಿ ಮಂಕಾದರೆ ನಿಮ್ಮದು ಅದೇ ಜಾತಿ. ಅಂಥದರಲ್ಲಿ ಬ್ಯಾಟರಿಗೆ ಸೇರುವುದು ಅರ್ಧ ಅಲೆಯ ಅಷ್ಟಿಷ್ಟು ಚಾರ್ಜ್ ಮಾತ್ರ. ಬ್ಯಾಟರಿಯೂ 2.5 ಅಥವಾ 3 ಆಂಪಿಯರ್-ಅವರ್‌ನದು. ಅದರ ಮೇಲೆ ಪಂಪು ಓಡಿಸಿದರೆ ತೀರ್ಥಹಳ್ಳಿಗೆ ಹೋದವರು ತಳ್ಳಿಕೊಂಡು ಬರಬೇಕಾದೀತು.

ಪರೀಕ್ಷೆ ಸುಲಭ. ಚಾರ್ಜ್ ತುಂಬಿದ ಬ್ಯಾಟರಿಯ ಎರಡು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. ಪಂಪು ಮತ್ತಿತರ ಸಾಮಾನಿನ ಬದಲಿಗೆ 12 ವೋಲ್ಟಿನ 55 ವ್ಯಾಟ್ ಕಾರಿನ ಬಲ್ಬ್ ಒಂದನ್ನು ಬ್ಯಾಟರಿಗೆ ಸಿಕ್ಕಿಸಿ, ಹೆಡ್‌ಲೈಟೂ ಹಾಕಿ. 2,000 ಆರ್‌ಪಿಎಂನಲ್ಲಿ ಹತ್ತು ನಿಮಿಷ ಓಡಿದರೂ ವೋಲ್ಟೇಜ್ 12.5ರ ಕೆಳಗೆ ಇಳಿಯಬಾರದು. 4,000ದಲ್ಲಿ 13.5ರಿಂದ 14.5ರ ನಡುವೆ ಇರಬೇಕು. ಇಳಿದರೆ ಕಿಟ್ ಪೆಟ್ಟಿಗೆ ಬಿಚ್ಚಬೇಡಿ. ಮೊದಲು ಕಾಯಿಲ್ ಕೆಲಸ ಮಾಡಿಸಿ. ಕಾಯಿಲಿನ ಒಂದು ತುದಿಯನ್ನು ಪ್ಲೇಟಿಗೆ ಅರ್ಥ್ ಆಗಿ ಬೆಸೆದಿರುತ್ತಾರೆ. ಅದನ್ನು ಬಿಡಿಸಿ ಎರಡೂ ತುದಿಗಳನ್ನು ಹೊರಗೆ ತಂದು, ಎಸಿಯ ಪೂರ್ಣ ಅಲೆಯನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ರೆಕ್ಟಿಫೈಯರ್-ರೆಗ್ಯುಲೇಟರ್ ಹಾಕಿ, ಹೆಡ್‌ಲೈಟನ್ನೂ ಬ್ಯಾಟರಿ ಕರೆಂಟಿಗೆ ತರಬೇಕು. ಪ್ಲಗ್ಗಿಗೆ ಕಿಡಿ ಕೊಡಿಸುವ ಹಳೆಯ ಸಿಡಿಐ ಪೆಟ್ಟಿಗೆ ಇದ್ದರೆ ಅದಕ್ಕೆಂದೇ ಸಣ್ಣ ತಂತಿಯ ಬೇರೆ ಕಾಯಿಲ್ ಇರುತ್ತದೆ. ಅದನ್ನು ಮುಟ್ಟಕೂಡದು. ಬ್ಯಾಟರಿ ಕನಿಷ್ಠ 5 ಆಂಪಿಯರ್-ಅವರ್ ಇರಲಿ. ಇನ್ನೊಂದು ಮಾತು ಮನೆಯವರಿಗೆಲ್ಲ ಗೊತ್ತಿರಲಿ: ಕಾರ್ಬ್ ಇದ್ದಾಗ ಬ್ಯಾಟರಿ ಸತ್ತಿದ್ದರೂ ಕಿಕ್ಕರ್ ಹೊಡೆದು ಹೋಗಬಹುದಿತ್ತು. ಇಂಜೆಕ್ಷನ್ ಆದ ಮೇಲೆ ಬ್ಯಾಟರಿ ಪೂರ್ತಿ ಸತ್ತರೆ ಪಂಪು ಒತ್ತಡ ಕಟ್ಟುವುದಿಲ್ಲ, ಬೈಕು ಸ್ಟಾರ್ಟ್ ಆಗುವುದಿಲ್ಲ. ಆಸ್ಪತ್ರೆಗೆ 20 ಕಿಲೋಮೀಟರ್ ದೂರವಿರುವ ಒಂಟಿ ಮನೆಗೆ ಇದು ಸಣ್ಣ ವಿಷಯವಲ್ಲ.

ಪೆಟ್ರೋಲಿನ ಹಾದಿಯಲ್ಲಿ ಆಗುವ ತಪ್ಪು ಪ್ರಾಣಕ್ಕೇ ಕುತ್ತು. ಕಾರ್ಬಿಗೆ ಪೆಟ್ರೋಲ್ ತಾನಾಗಿ ಇಳಿದು ಬರುತ್ತಿತ್ತು. ಇಲ್ಲಿ ಅದು ಸುಮಾರು 3 ಬಾರ್ ಒತ್ತಡದಲ್ಲಿ ಕಾದ ಹೆಡ್ಡಿನ ಪಕ್ಕದಲ್ಲೇ ಹರಿಯುತ್ತದೆ. ಕಾರ್ಬಿನ ಮಾಮೂಲಿ ಪೈಪು ಈ ಒತ್ತಡಕ್ಕೆ ಉಬ್ಬಿ ಸೀಳುತ್ತದೆ. ಇಂಜೆಕ್ಷನ್‌ಗೆಂದೇ ಮಾಡಿದ, ಎಥನಾಲ್ ತಡೆಯುವ ಪೈಪೇ ಬೇಕು. ಕ್ಲ್ಯಾಂಪು ಕೂಡ ಗೀರು ಕೊರೆದ ಜುಬಿಲಿ ಕ್ಲಿಪ್ ಅಲ್ಲ, ಪೈಪನ್ನು ಕೊಯ್ಯದ ನಯವಾದ ಪಟ್ಟಿಯದು. ಇಂಜೆಕ್ಟರಿಗೆ ಹೋಗಿ ಮಿಕ್ಕ ಪೆಟ್ರೋಲ್ ಟ್ಯಾಂಕಿಗೆ ಮರಳುವ ವಾಪಸ್ ಪೈಪಿನ ಮೂತಿ ಕೂರಿಸಲು ಗ್ಯಾಸ್ ವೆಲ್ಡಿಂಗ್ ಮಾಡಿಸಲು ಹೊರಡುವವರಿದ್ದಾರೆ. ಪೆಟ್ರೋಲ್ ಖಾಲಿ ಮಾಡಿದ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಒಳಗೆಲ್ಲ ಆವಿ ತುಂಬಿರುತ್ತದೆ, ಒಂದು ಕಿಡಿ ಸಾಕು. ಎರಡು ಸಲ ತೊಳೆದೆವು ಎಂಬ ಧೈರ್ಯ ಸಾಲದು. ಕೀಲುಗಳಲ್ಲಿ, ತುಕ್ಕಿನ ಪದರದಲ್ಲಿ ಕೂತ ಪೆಟ್ರೋಲ್ ಬಿಸಿ ತಗುಲಿದಾಗ ಮತ್ತೆ ಆವಿಯಾಗುತ್ತದೆ. ಮನೆಯಲ್ಲಿ ಇದನ್ನು ಮಾಡಲೇಬೇಡಿ.

ಅದರ ಬದಲು ಬಿಎಸ್6 ಟ್ಯಾಂಕು ಹೊಂದಿದರೆ ಅದನ್ನೇ ಹಾಕಿ. ಪಂಪು, ರೆಗ್ಯುಲೇಟರು, ಫಿಲ್ಟರು ಟ್ಯಾಂಕಿನೊಳಗೇ ಇರುವುದರಿಂದ ವಾಪಸ್ ಪೈಪಿನ ತಂಟೆಯೇ ಇಲ್ಲ. ಅದಾಗದಿದ್ದರೆ ಪೆಟ್ರೋಲ್ ಗೇಜಿನ ಫ್ಲೋಟ್ ಕೂತಿರುವ ತಟ್ಟೆ ನೋಡಿ. ಅದು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಜಾಗವಿದ್ದರೆ ಆ ತಟ್ಟೆಯೊಂದನ್ನೇ ಒಯ್ದು ಆಟೋ ಕಾಂಪ್ಲೆಕ್ಸಿನ ಯಾವುದಾದರೂ ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ಕೊಳವೆ ಬೆಸೆಸಿಕೊಳ್ಳಬಹುದು, ಟ್ಯಾಂಕಿಗೆ ಬೆಂಕಿ ತೋರಿಸುವ ಪ್ರಮೇಯವಿಲ್ಲ. ವಾಪಸ್ ಬರುವ ಪೆಟ್ರೋಲನ್ನು ಟಿ ಹಾಕಿ ಟ್ಯಾಪಿನ ಪೈಪಿಗೇ ಸೇರಿಸುವುದನ್ನು ಕೆಲವರು ಹೇಳಿಕೊಡುತ್ತಾರೆ. ಅದೇ ಪೆಟ್ರೋಲ್ ಸುತ್ತಿ ಸುತ್ತಿ ಬಿಸಿಯಾಗಿ ಗುಳ್ಳೆ ಕಟ್ಟುತ್ತದೆ, ಪಂಪು ಗಾಳಿ ಎಳೆಯುತ್ತದೆ, ಹುಲಿಕಲ್ ಘಾಟಿಯ ನಡುವೆ ಬೈಕು ನಿಲ್ಲುತ್ತದೆ. ಹೊರಗೆ ಕೂರಿಸುವ ಪಂಪು ಟ್ಯಾಂಕಿನ ತಳಕ್ಕಿಂತ ಕೆಳಗೆ, ಸಿಲಿಂಡರಿನಿಂದ ದೂರ ಇರಬೇಕು. ಪಂಪಿಗೆ ಮುಂಚೆ ಜಾಲರಿ ಫಿಲ್ಟರ್, ಪಂಪಿನ ನಂತರ 10 ಮೈಕ್ರಾನ್ ಫಿಲ್ಟರ್.

ಟ್ಯಾಂಕಿನ ಒಳಗಣ ತುಕ್ಕು ಮಲೆನಾಡಿನಲ್ಲಿ ಎಲ್ಲರ ಮನೆಯ ಕಥೆ. ಆಶ್ಲೇಷ ಮಳೆಯ ತೇವದಲ್ಲಿ ಅರ್ಧ ಟ್ಯಾಂಕಿಟ್ಟು ತಿಂಗಳು ನಿಲ್ಲಿಸಿದ ಬೈಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಮೇಲ್ಭಾಗದ ತಗಡಿನಲ್ಲಿ ನೀರಿನ ಹನಿಗಳು ಸಾಲಾಗಿ ಕೂತಿರುತ್ತವೆ, ಅವುಗಳ ಕೆಳಗೆ ಕೆಂಪು ಗೆರೆ ಇಳಿದಿರುತ್ತದೆ. ಎಥನಾಲ್ ಈ ನೀರನ್ನು ಹೀರಿಕೊಳ್ಳುತ್ತದೆ. ತನ್ನ ಮಿತಿ ಮೀರಿದಾಗ ಎಥನಾಲೂ ನೀರೂ ಒಟ್ಟಾಗಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪಂಪು ಎಳೆಯುವುದು ಆ ತಳದಿಂದಲೇ. ಕಾರ್ಬಾದರೆ ಬೌಲ್ ಸ್ಕ್ರೂ ಬಿಚ್ಚಿ ನೀರು ಚೆಲ್ಲಿದರೆ ಮುಗಿಯಿತು. ಇಂಜೆಕ್ಟರಿನ ಸೂಜಿಮೊನೆಯಷ್ಟು ಸಣ್ಣ ತೂತು ತುಕ್ಕು ಹಿಡಿದರೆ ಅದನ್ನೇ ಬದಲಿಸಬೇಕು. ಆದ್ದರಿಂದ ಟ್ಯಾಂಕನ್ನು ಫಾಸ್ಫಾರಿಕ್ ಆಮ್ಲದ ತುಕ್ಕುನಾಶಕದಿಂದ ತೊಳೆದು, ಪೂರ್ತಿ ಒಣಗಿಸಿದ ಮೇಲೆಯೇ ಪಂಪು ಜೋಡಿಸಿ. ಮಳೆಗಾಲದಲ್ಲಿ ನಿಲ್ಲಿಸುವುದಾದರೆ ಟ್ಯಾಂಕು ತುಂಬಿಸಿಡಿ.

ಜೋಡಿಸಿದ ಮೇಲೆ ಇಂಜಿನ್ ಸ್ಟಾರ್ಟ್ ಮಾಡದೆ ಪಂಪನ್ನಷ್ಟೇ ಓಡಿಸಿ, ಪ್ರೆಶರ್ ಗೇಜಿನಲ್ಲಿ 3 ಬಾರ್ ಬಂದಿತೇ ನೋಡಿ. ನಿಲ್ಲಿಸಿದ ಮೇಲೆ ಹತ್ತು ನಿಮಿಷ ಮುಳ್ಳು 2ರ ಮೇಲೆ ನಿಂತಿರಬೇಕು. ಪ್ರತಿ ಜೋಡಣೆಗೂ ಒಣ ಟಿಶ್ಯೂ ಒತ್ತಿ ನೋಡಿ. ಪಂಪಿನ ರಿಲೇ ಇಸಿಯು ಹಿಡಿತದಲ್ಲೇ ಇರಬೇಕು: ಕೀ ತಿರುಗಿಸಿದಾಗ 2 ಸೆಕೆಂಡ್ ಓಡಿ, ಇಂಜಿನ್ ತಿರುಗದಿದ್ದರೆ ನಿಲ್ಲಬೇಕು. ಬೈಕು ವಾಲಿ ಬಿದ್ದರೆ ಪಂಪು ನಿಲ್ಲಿಸುವ ಟಿಪ್-ಓವರ್ ಸೆನ್ಸರನ್ನು ದುಡ್ಡು ಉಳಿಸಲು ಬಿಡಬೇಡಿ. ತೋಟದ ಜಾರು ದಾರಿಯಲ್ಲಿ ಬಿದ್ದ ಬೈಕಿನ ಪೈಪು ಕಳಚಿ, ಕಾದ ಬೆಂಡ್ ಪೈಪಿನ ಮೇಲೆ ಪಂಪು ಪೆಟ್ರೋಲ್ ಸುರಿಯುತ್ತಲೇ ಇದ್ದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇಂಜೆಕ್ಟರ್ ಆರಿಸುವಾಗ ದೊಡ್ಡದಿದ್ದರೆ ಒಳ್ಳೆಯದು ಎಂಬ ನಂಬಿಕೆ ತಪ್ಪು. ಲೆಕ್ಕ ಹೀಗಿದೆ. 14 ಅಶ್ವಶಕ್ತಿಯ 150 ಸಿ.ಸಿ. ಇಂಜಿನ್ ಪೂರ್ತಿ ದುಡಿಯುವಾಗ ಗಂಟೆಗೆ ಸುಮಾರು 4.6 ಲೀಟರ್, ಅಂದರೆ ನಿಮಿಷಕ್ಕೆ 77 ಸಿ.ಸಿ. ಪೆಟ್ರೋಲ್ ಬೇಡುತ್ತದೆ. ಇಂಜೆಕ್ಟರ್ ತೆರೆದಿರುವ ಹೊತ್ತು ಶೇ 80 ಮೀರಬಾರದು. ಹಾಗಾಗಿ ನಿಮಿಷಕ್ಕೆ 100 ಸಿ.ಸಿ., ಇ20ರ ಸಲುವಾಗಿ ಇನ್ನಷ್ಟು ಸೇರಿಸಿ 110-120 ಸಿ.ಸಿ. ಸಾಕು. ಹಳೆಯ 350 ಸಿ.ಸಿ. ಬುಲೆಟ್‌ಗೆ 130-150. ಈಗ ಆ 150 ಸಿ.ಸಿ. ಇಂಜಿನ್ ಸ್ಲೋನಲ್ಲಿದ್ದಾಗ ನೋಡಿ. ಸಿಲಿಂಡರ್ ಪೂರ್ತಿ ತುಂಬಿದರೆ 120 ಸಿ.ಸಿ. ಇಂಜೆಕ್ಟರಿಗೆ ಸುಮಾರು 8.7 ಮಿಲಿಸೆಕೆಂಡ್ ಬೇಕು. ಸ್ಲೋನಲ್ಲಿ ತುಂಬುವುದು ಅದರ ಕಾಲುಭಾಗಕ್ಕೂ ಕಡಿಮೆ, ಆದ್ದರಿಂದ 2 ಮಿಲಿಸೆಕೆಂಡ್. ಕಾರಿನ 220 ಸಿ.ಸಿ. ಇಂಜೆಕ್ಟರ್ ಹಾಕಿದರೆ ಅದು 1 ಮಿಲಿಸೆಕೆಂಡಿಗೆ ಇಳಿಯಿತು. ಕರೆಂಟು ಕೊಟ್ಟ ಮೇಲೆ ಇಂಜೆಕ್ಟರಿನ ಬಾಯಿ ತೆರೆಯಲು ಇನ್ನೊಂದು ಮಿಲಿಸೆಕೆಂಡ್ ಹಿಡಿಯುತ್ತದೆ, ಅದೂ ವೋಲ್ಟೇಜ್ ಇಳಿದಂತೆ ಹೆಚ್ಚುತ್ತದೆ. ಇಷ್ಟು ಚಿಕ್ಕ ಹೊಡೆತದಲ್ಲಿ ಪ್ರತಿಸಲ ಒಂದೇ ಅಳತೆಯ ಪೆಟ್ರೋಲ್ ಬೀಳುವುದಿಲ್ಲ. ಸ್ಲೋ ಏರಿಳಿಯುತ್ತದೆ, ಬ್ರೇಕ್ ಲೈಟ್ ಹತ್ತಿದರೂ ಇಂಜಿನ್ ಮುಗ್ಗರಿಸುತ್ತದೆ. ಹಲವು ಇಸಿಯುಗಳು ಕ್ರ್ಯಾಂಕಿನ ಪ್ರತಿ ಸುತ್ತಿಗೆ ಒಂದರಂತೆ ಎರಡು ಸಲ ಸಿಂಪಡಿಸುತ್ತವೆ. ಆಗ 120 ಸಿ.ಸಿ.ಯದರಲ್ಲೂ ಹೊಡೆತ ಅರ್ಧವಾಗಿ ಇದೇ ತೊಂದರೆ. ಸೆಟ್ಟಿಂಗಿನಲ್ಲಿ ಎರಡು ಸುತ್ತಿಗೆ ಒಂದು ಸಲ ಎಂದು ಬದಲಿಸಿಕೊಳ್ಳಿ.

ಥ್ರಾಟಲ್ ಬಾಡಿಯ ಬಾಯಿ ಹಳೆಯ ಕಾರ್ಬಿನ ಬಾಯಿಗಿಂತ 2 ಮಿ.ಮೀ.ಗಿಂತ ಹೆಚ್ಚು ದೊಡ್ಡದು ಬೇಡ. ದೊಡ್ಡದಾದರೆ ಆಕ್ಸಿಲರೇಟರ್ ಒಂದು ನೂಲು ತಿರುವಿದರೂ ಬೈಕು ನೆಗೆಯುತ್ತದೆ. ಕೆಸರಿನ ಇಳಿಜಾರಿನಲ್ಲಿ ಅದು ಕೆಟ್ಟದ್ದು. ಇಂಜೆಕ್ಟರಿನ ಮೂತಿ ಇನ್‌ಲೆಟ್ ವಾಲ್ವಿನ ಬೆನ್ನಿಗೆ ಗುರಿಯಿಟ್ಟಿರಲಿ. ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿಗೆ ಹೋಗುವ ಪೈಪು ಗೇಣುದ್ದ ಮೀರದಿರಲಿ, ಸೆನ್ಸರು ಪೈಪಿಗಿಂತ ಮೇಲಿರಲಿ. ತಗ್ಗಿದ್ದರೆ ಪೆಟ್ರೋಲೂ ತೇವವೂ ಇಳಿದು ಅಲ್ಲೇ ನಿಲ್ಲುತ್ತವೆ. ಒಂಟಿ ಸಿಲಿಂಡರಿನಲ್ಲಿ ಈ ಒತ್ತಡ ಪ್ರತಿ ಸುತ್ತಿನಲ್ಲೂ ಭಾರಿ ಏರಿಳಿಯುವುದರಿಂದ ಕೆಲವರು ಅದನ್ನು ಬಿಟ್ಟು, ಆಕ್ಸಿಲರೇಟರ್ ಎಷ್ಟು ತೆರೆದಿದೆ ಎಂಬುದರ ಮೇಲೆಯೇ ಟ್ಯೂನ್ ಮಾಡುತ್ತಾರೆ. ಬಯಲುಸೀಮೆಗೆ ಅದು ನಡೆದೀತು. ನಮಗೆ ನಡೆಯುವುದಿಲ್ಲ. ಅಂಥ ಇಸಿಯು ಹೊರಗಿನ ಗಾಳಿಯ ಒತ್ತಡವನ್ನು ಕೀ ತಿರುಗಿಸಿದಾಗ ಒಮ್ಮೆ ನೋಡಿ ಅದನ್ನೇ ಹಿಡಿದುಕೊಂಡಿರುತ್ತದೆ. ಉಡುಪಿಯಲ್ಲಿ ಹೊರಟವರು ನಡುವೆ ಎಲ್ಲೂ ನಿಲ್ಲಿಸದೆ ಆಗುಂಬೆ ಹತ್ತಿದರೆ ಒತ್ತಡ 7 ಕಿಲೋಪ್ಯಾಸ್ಕಲ್ ಇಳಿದಿರುತ್ತದೆ, ಇಸಿಯು ಮಾತ್ರ ಇನ್ನೂ ಉಡುಪಿಯಲ್ಲೇ ಇರುತ್ತದೆ. ಮ್ಯಾಪ್ ಸೆನ್ಸರ್ ಆಧಾರದ ಟ್ಯೂನಿಂಗ್ ಮಾಡಿ, ಇಲ್ಲವೇ ಗಾಳಿಯ ಒತ್ತಡಕ್ಕೇ ಇನ್ನೊಂದು ಸೆನ್ಸರ್ ಇಡಿ.

ಇಗ್ನಿಷನ್ನನ್ನು ಮೊದಲ ದಿನವೇ ಇಸಿಯುಗೆ ಒಪ್ಪಿಸಬೇಡಿ. ಹಳೆಯ ಸಿಡಿಐ ಅದರ ಪಾಡಿಗೆ ಕಿಡಿ ಕೊಡಲಿ, ಇಸಿಯು ಪೆಟ್ರೋಲ್ ಮಾತ್ರ ನೋಡಿಕೊಳ್ಳಲಿ. ಆಗ ಒಂದು ಉಬ್ಬಿನ ಮ್ಯಾಗ್ನೆಟ್ಟಿನಿಂದಲೇ ಕೆಲಸ ನಡೆಯುತ್ತದೆ, ಏನಾದರೂ ಕೆಟ್ಟರೆ ಎಲ್ಲಿ ಕೆಟ್ಟಿತೆಂದು ಹುಡುಕುವುದೂ ಸುಲಭ. ಮುಂದೆ, ಗುರುತಿಗಾಗಿ ಒಂದು ಹಲ್ಲಿನ ಜಾಗ ಖಾಲಿ ಬಿಟ್ಟ ಹಲ್ಲಿನ ಚಕ್ರ ಹಾಕುವುದಾದರೆ ಪಿಕಪ್ ಸೆನ್ಸರಿಗೂ ಹಲ್ಲಿಗೂ ನಡುವೆ 0.7ರಿಂದ 1 ಮಿ.ಮೀ. ಅಂತರ ಇಡಿ, ಬಿಟ್ಟ ಹಲ್ಲು ಪಿಸ್ಟನ್ ಮೇಲ್ತುದಿಗೆ ಬರುವ ಜಾಗದಲ್ಲಿ ಇರದಂತೆ ನೋಡಿಕೊಳ್ಳಿ. ಕಂಪ್ರೆಶನ್ನಿನಲ್ಲಿ ಕ್ರ್ಯಾಂಕ್ ತಡವರಿಸುತ್ತದೆ, ಇಸಿಯುಗೆ ಅದೇ ಬಿಟ್ಟ ಹಲ್ಲಿನಂತೆ ಕಂಡು ಕಿಕ್ ಹೊಡೆಯುವಾಗ ಲೆಕ್ಕ ತಪ್ಪುತ್ತದೆ. ಸಿಡಿಐ ಕಾಯಿಲಿಗೆ ಬಿಡುವ ಕರೆಂಟು 200 ವೋಲ್ಟ್ ಮೀರಿರುತ್ತದೆ. ಆ ತಂತಿಯ ಜೊತೆ ಸೆನ್ಸರಿನ ತಂತಿ ಒಂದೇ ಕಟ್ಟಿನಲ್ಲಿ ಹೋದರೆ 5,000 ಆರ್‌ಪಿಎಂ ದಾಟಿದ ಮೇಲೆ ಮಿಸ್ಸಿಂಗ್ ಶುರುವಾಗುತ್ತದೆ. ಪೆಟ್ರೋಲ್ ಸಾಲದೆಂದು ಟ್ಯೂನ್ ತಿದ್ದುತ್ತಾ ದಿನಗಟ್ಟಲೆ ಕಳೆಯುವವರುಂಟು. ರೆಸಿಸ್ಟರ್ ಇರುವ ಪ್ಲಗ್ಗು, 5,000 ಓಮಿನ ಪ್ಲಗ್ ಕ್ಯಾಪು, ಒಂದೇ ತುದಿಯಲ್ಲಿ ಅರ್ಥ್ ಮಾಡಿದ ಜಾಲರಿ ಹೊದಿಕೆಯ ತಂತಿ, ಇವಿಷ್ಟು ಹಾಕಿದರೆ ಬಹಳಷ್ಟು ಸಲ ಅದು ನಿಲ್ಲುತ್ತದೆ. ಇಸಿಯು ಅರ್ಥ್ ಅನ್ನು ಚಾಸಿಗೆ ಬಿಗಿಯದೆ ನೇರ ಇಂಜಿನ್ನಿಗೆ ಬಿಗಿಯಿರಿ, ಬ್ಯಾಟರಿಯ ನೆಗೆಟಿವ್ ತಂತಿಯೂ ಅಲ್ಲಿಗೇ ಬರಲಿ. ಸೆನ್ಸರುಗಳ ಅರ್ಥ್ ಇಸಿಯುನ ತಮ್ಮದೇ ಪಿನ್ನಿಗೆ ಹೋಗಲಿ, ಪಂಪಿನ ಅರ್ಥ್ ಜೊತೆ ಬೆರೆಯದಿರಲಿ.

ಆಕ್ಸಿಜನ್ ಸೆನ್ಸರಿಗೆ ಬೆಂಡ್ ಪೈಪಿನಲ್ಲಿ ಎಂ18 ಅಳತೆಯ 1.5 ಪಿಚ್ ನಟ್ ಬೆಸೆಯಬೇಕು. ಸೆನ್ಸರಿನ ತಲೆ ಅಡ್ಡಕ್ಕೆ ಮಲಗದೆ ಕನಿಷ್ಠ 10 ಡಿಗ್ರಿ ಮೇಲೆದ್ದಿರಬೇಕು, ಇಲ್ಲದಿದ್ದರೆ ಬೆಳಗಿನ ಚಳಿಗೆ ಪೈಪಿನಲ್ಲಿ ಕಟ್ಟಿದ ನೀರು ಒಳಗಿನ ಪಿಂಗಾಣಿಗೆ ತಗುಲಿ ಅದು ಸೀಳುತ್ತದೆ. ಟ್ಯೂನಿಂಗಿಗೆ, ಎಷ್ಟು ರಿಚ್, ಎಷ್ಟು ಲೀನ್ ಎಂದು ಅಂಕಿಯಲ್ಲಿ ಹೇಳುವ ವೈಡ್‌ಬ್ಯಾಂಡ್ ಸೆನ್ಸರೇ ಬೇಕು. ಇಂಜಿನ್ ಓಡದೆ ಅದಕ್ಕೆ ಕರೆಂಟು ಕೊಡಬೇಡಿ. ಗೇಜನ್ನು ಲ್ಯಾಂಬ್ಡಾಕ್ಕೆ, ಅಂದರೆ ಪೂರ್ತಿ ಉರಿಯಲು ಬೇಕಾದ ಗಾಳಿಯ ಎಷ್ಟು ಪಾಲು ಗಾಳಿ ಇದೆ ಎಂಬ ಅಂಕಿಗೆ ಬದಲಿಸಿಕೊಳ್ಳಿ. 14.7 ಎಂದು ತೋರಿಸುವ ಗೇಜು ಬರೀ ಪೆಟ್ರೋಲಿನ ಲೆಕ್ಕದ್ದು, ಇ20ಯಲ್ಲಿ ಅದೇ ಜಾಗದ ನಿಜವಾದ ಅಂಕಿ 13.5. ಲ್ಯಾಂಬ್ಡಾದಲ್ಲಿ ಯಾವ ಪೆಟ್ರೋಲಾದರೂ 1 ಎಂದರೆ 1. ಗಾಳಿಯಿಂದ ತಣಿಯುವ ಸಣ್ಣ ಇಂಜಿನ್ನಿಗೆ ಸ್ಲೋನಲ್ಲಿ 0.92-0.95, ಸಮ ರಸ್ತೆಯಲ್ಲಿ 0.95-1, ಪೂರ್ತಿ ರೇಸಿನಲ್ಲಿ 0.85-0.88 ಇದ್ದರೆ ಸರಿ. ಹೆಡ್ಡಿಗೂ ಬೆಂಡ್ ಪೈಪಿಗೂ ನಡುವಿನ ಗ್ಯಾಸ್ಕೆಟ್ ಸೋರಿದರೆ ಸೆನ್ಸರು ಹೊರಗಿನ ಗಾಳಿ ಕಂಡು ಲೀನ್ ಎನ್ನುತ್ತದೆ, ನೀವು ಪೆಟ್ರೋಲ್ ಸುರಿಯುತ್ತಾ ಹೋಗುತ್ತೀರಿ, ಪ್ಲಗ್ಗು ಮಸಿ ಹಿಡಿಯುತ್ತದೆ.

ಸ್ಪೀಡುಯಿನೋ, ಮೈಕ್ರೋಸ್ಕ್ವಿರ್ಟ್‌ನಂಥ ಇಸಿಯುಗಳನ್ನು ಟ್ಯೂನರ್‌ಸ್ಟುಡಿಯೋ ಎಂಬ ಸಾಫ್ಟ್‌ವೇರಿನಲ್ಲಿ ಹೊಂದಿಸಬಹುದು. ಸ್ಟಾರ್ಟ್ ಮಾಡುವ ಮೊದಲು ಕೀ ತಿರುಗಿಸಿ ಮ್ಯಾಪ್ ಸೆನ್ಸರ್ ಏನು ತೋರಿಸುತ್ತದೆ ನೋಡಿ. ಶಿವಮೊಗ್ಗದಲ್ಲಿ ಅದು 94-95 ಇರಬೇಕು. 101 ಅಥವಾ 80 ಎಂದರೆ ಸೆನ್ಸರಿನ ಅಳತೆ ತಪ್ಪಾಗಿ ತುಂಬಿದ್ದೀರಿ, ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಆಕ್ಸಿಲರೇಟರ್ ಮುಚ್ಚಿದಾಗ ಸೊನ್ನೆ, ಪೂರ್ತಿ ತಿರುವಿದಾಗ ನೂರು ಬರಬೇಕು. ಸ್ಲೋ 1,400ಕ್ಕೆ ನಿಲ್ಲಿಸಿ, ಇಂಜಿನ್ ಬಿಸಿಯಾದ ಮೇಲೆಯೇ ಪೆಟ್ರೋಲಿನ ಅಳತೆಯ ಟೇಬಲ್ ತಿದ್ದಿ. ತಣ್ಣಗಿನ ಇಂಜಿನ್ನಿಗೆ ಬೇಕಾದ ಹೆಚ್ಚುವರಿ ಪೆಟ್ರೋಲನ್ನು ಕೊನೆಗೆ, ಒಂದೊಂದೇ ಬೆಳಿಗ್ಗೆ, ಒಂದೊಂದೇ ಸ್ಟಾರ್ಟಿನಲ್ಲಿ ಹೊಂದಿಸಬೇಕು. ಅದಕ್ಕೆ ಅವಸರಪಟ್ಟು ಪ್ರಯೋಜನವಿಲ್ಲ. ಓಡಿಸುತ್ತಾ ಲ್ಯಾಪ್‌ಟಾಪ್ ನೋಡುವುದು ಬೇಡ. ಅದು ಬ್ಯಾಗಿನಲ್ಲಿ ಲಾಗ್ ಬರೆಯುತ್ತಿರಲಿ, ಮನೆಗೆ ಬಂದು ಓದಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ನಿಲ್ಲಿಸುವ ಸೆಟ್ಟಿಂಗನ್ನು ಮೊದಲಿಗೆ ಆಫ್ ಇಡಿ. ಘಾಟಿಯ ತಿರುವಿನ ನಡುವೆ ಪೆಟ್ರೋಲ್ ಮತ್ತೆ ಶುರುವಾದಾಗ ಬರುವ ಎಳೆತಕ್ಕೆ ಹಿಂದಿನ ಚಕ್ರ ಜಾರಬಹುದು.

ಘಾಟಿ ಹತ್ತಿ ಚಹಾಕ್ಕೆ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಹೊಡೆದರೆ ಸ್ಟಾರ್ಟ್ ಆಗದ ದೂರು ಸಾಮಾನ್ಯ. ಗಾಳಿಯ ಉಷ್ಣತೆ ಅಳೆಯುವ ಸೆನ್ಸರು ಥ್ರಾಟಲ್ ಬಾಡಿಯ ಕಾವಿಗೆ ಬಿಸಿಯಾಗಿ 60 ಡಿಗ್ರಿ ಎನ್ನುತ್ತದೆ, ಗಾಳಿ ತೆಳುವಾಗಿದೆ ಎಂದುಕೊಂಡು ಇಸಿಯು ಪೆಟ್ರೋಲ್ ಕಡಿತ ಮಾಡುತ್ತದೆ. ಆ ಸೆನ್ಸರನ್ನು ಏರ್ ಫಿಲ್ಟರ್ ಡಬ್ಬಿಗೆ ಸಾಗಿಸಿದರೆ ಸಾಕು.

ವೈರಿಂಗಿಗೆ ಇಲ್ಲಿ ಮೂರು ಶತ್ರುಗಳು: ಜಡಿಮಳೆ, ಇಲಿ, ಬೋರ್ಡೋ ದ್ರಾವಣ. ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ಮೈಲುತುತ್ತದ ಹನಿ ಬಿದ್ದ ಕನೆಕ್ಟರುಗಳು ಹಸಿರುಗಟ್ಟುತ್ತವೆ. ರಬ್ಬರ್ ಸೀಲಿರುವ ಕನೆಕ್ಟರನ್ನೇ ಬಳಸಿ, ಒಳಗೆ ಡೈಎಲೆಕ್ಟ್ರಿಕ್ ಗ್ರೀಸ್ ತುಂಬಿ. ಬೆಸುಗೆಗಿಂತ ಕ್ರಿಂಪ್ ಮೇಲು, ನಡುಕಕ್ಕೆ ಬೆಸುಗೆಯ ಬುಡದಲ್ಲೇ ತಂತಿ ತುಂಡಾಗುತ್ತದೆ. ಇಸಿಯು ಸೀಟಿನ ಕೆಳಗಿರಲಿ, ಕನೆಕ್ಟರ್ ಕೆಳಮುಖವಾಗಿರಲಿ, ತಂತಿ ಒಮ್ಮೆ ತಗ್ಗಿಗೆ ಇಳಿದು ಮೇಲೇರಿ ಒಳಹೋಗಲಿ, ಹರಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಕಾನೂನಿನ ಮಾತನ್ನೂ ಹೇಳಲೇಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಆರ್‌ಸಿ ತಾಳೆಯಾಗದಂಥ ಮಾರ್ಪಾಡು ಸಲ್ಲದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅನುಮತಿಯಿಲ್ಲದ ಮಾರ್ಪಾಡಿಗೆ 182ಎ ಕಲಂ ಅಡಿ ಆರು ತಿಂಗಳವರೆಗೆ ಸಜೆ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಅಪಘಾತವಾದಾಗ ವಿಮೆಯವರು ಇದನ್ನೇ ಹಿಡಿದು ತಕರಾರು ತೆಗೆಯಬಹುದು. ಎಮಿಷನ್ ಟೆಸ್ಟಿನಲ್ಲಿ ಪಾಸಾದೆವಲ್ಲ ಎಂದರೆ ಉತ್ತರವಾಗದು. ಬೈಕಿಗೆ ಆ ಪರೀಕ್ಷೆ ನಡೆಯುವುದು ಸ್ಲೋನಲ್ಲಿ ಮಾತ್ರ. ಆದ್ದರಿಂದ ಕೆಲಸಕ್ಕೆ ಮುಂಚೆ ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಿರಿ. ಇಂಥ ಮಾರ್ಪಾಡಿಗೆ ಅನುಮತಿ ಉಂಟೇ, ಉಂಟಾದರೆ ಯಾವ ಅರ್ಜಿ, ಯಾವ ತಪಾಸಣೆ ಎಂಬುದನ್ನು ಕನ್ನಡದಲ್ಲಿ ಕಚೇರಿಯ ಫಲಕದಲ್ಲಿ ಹಾಕಿದರೆ ದೂರದ ಹಳ್ಳಿಯಿಂದ ಬರುವವರಿಗೆ ಅಲೆದಾಟ ತಪ್ಪುತ್ತದೆ. ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಸಾರಿಗೆ ಅಧಿಕಾರಿಗಳು ಇದನ್ನು ಮಾಡಬೇಕೆಂದು ಕೇಳಿಕೊಳ್ಳುತ್ತೇವೆ. ಐಟಿಐ, ಪಾಲಿಟೆಕ್ನಿಕ್‌ಗಳು ಗ್ಯಾರೇಜ್ ಹುಡುಗರಿಗೆ ಸಂಜೆ ಹೊತ್ತಿನಲ್ಲಿ ಇಂಜೆಕ್ಷನ್ ವೈರಿಂಗ್, ಪ್ರೆಶರ್ ಟೆಸ್ಟು ಕಲಿಸಲಿ ಎಂಬುದೂ ನಮ್ಮ ಕೋರಿಕೆ. ಕಾರ್ಬ್ ಬಿಚ್ಚಿ ಕಲಿತ ಕೈಗಳಿಗೆ ಮಲ್ಟಿಮೀಟರ್ ಹಿಡಿಯುವುದನ್ನು ಕಲಿಸುವವರು ಬೇಕಾಗಿದ್ದಾರೆ.

ಕೆಲಸಕ್ಕೆ ಇಳಿಯುವವರು ಚಾಸಿ, ಹಳೆಯ ವೈರಿಂಗ್ ಏನನ್ನೂ ಕತ್ತರಿಸಬೇಡಿ. ಎಲ್ಲವೂ ಬೋಲ್ಟ್ ಬಿಚ್ಚಿ ಮರಳಿ ಹಾಕುವಂತಿರಲಿ. ತೆಗೆದ ಕಾರ್ಬಿನ ಬೌಲಿನಿಂದ ಪೆಟ್ರೋಲ್ ಪೂರ್ತಿ ಬಸಿದು, ಜೆಟ್ಟುಗಳಿಗೆ ಗಾಳಿ ಊದಿ, ಇನ್‌ಲೆಟ್ ರಬ್ಬರು, ಕೇಬಲಿನ ಜೊತೆ ಒಣ ಡಬ್ಬಿಯಲ್ಲಿ ಹಾಕಿಡಿ.

ಇಂತಿ ವಿಶ್ವಾಸಿಗಳು,
ದ್ವಿಚಕ್ರ ವಾಹನ ಮೆಕ್ಯಾನಿಕ್‌ಗಳು,
ಶಿವಮೊಗ್ಗ